ಕುರ್ಲಾದ ಮೋಟಾರು ಕಸುಬು
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಿಮ್ಮ ಊರು ಯಾವುದೆಂದು ಕೇಳಿದರೆ ನಮ್ಮ ಹಿರಿಯರು ಉಡುಪಿ, ಕುಂದಾಪುರ, ಧಾರವಾಡ ಎನ್ನುತ್ತಿದ್ದರು. ಅವರ ಮಕ್ಕಳಾದ ನಾವು ಕುರ್ಲಾ ಎನ್ನುತ್ತೇವೆ. ಈ ಊರಿಗೆ ದೊಡ್ಡ ಕೋಟೆ ಕೊತ್ತಲಗಳ ಹೆಮ್ಮೆಯಿಲ್ಲ. ಇದ್ದುದು ಕಾರಖಾನೆಯ ಹೆಮ್ಮೆ. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ.

ಮೋಟಾರನ್ನು ಜೋಡಿಸುವುದು ಬೇರೆ, ತಯಾರಿಸುವುದು ಬೇರೆ. ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿಯು 1928ರಿಂದಲೇ ಹೊರದೇಶದ ಬಿಡಿಭಾಗಗಳನ್ನು ತರಿಸಿ ಮೋಟಾರು ಜೋಡಿಸುತ್ತಿತ್ತು. ನಮ್ಮ ಜನರಿಗೆ ಕೂಲಿ ಸಿಕ್ಕಿತೇ ಹೊರತು ತಯಾರಿಕೆಯ ವಿದ್ಯೆ ಸಿಕ್ಕಲಿಲ್ಲ. ಈ ಕೊರತೆಯನ್ನು ಮನಗಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಗಳ ಕಾರಖಾನೆಗಳನ್ನು ನೋಡಿ ಬಂದು, ಭಾರತದಲ್ಲಿಯೇ ಮೋಟಾರು ತಯಾರಿಸುವ ಯೋಜನೆ ಬರೆದರು. ಬ್ರಿಟಿಷ್ ಸರಕಾರದ ಬೆಂಬಲ ಸಿಗಲಿಲ್ಲ. ಅದೇ ಹಂಬಲ ಹೊತ್ತ ವಾಲಚಂದ ಹೀರಾಚಂದರು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. 1947ರಲ್ಲಿ ಕುರ್ಲಾದಿಂದ ಮೊದಲ ವಾಹನಗಳು ಹೊರಬಂದವು.

ಆರಂಭದಲ್ಲಿ ಇಲ್ಲಿಯೂ ನಡೆದುದು ಜೋಡಣೆಯೇ. 1953ರಲ್ಲಿ ಭಾರತ ಸರಕಾರವು, ಬಿಡಿಭಾಗಗಳನ್ನು ಕ್ರಮೇಣ ಇಲ್ಲಿಯೇ ತಯಾರಿಸಲು ಯೋಜನೆಯಿಲ್ಲದ ಕಂಪನಿಗಳು ಕೆಲಸ ನಿಲ್ಲಿಸಬೇಕೆಂದು ಗೊತ್ತುಮಾಡಿತು. ಶಿವಡಿಯ ಜೋಡಣೆ ನಿಂತಿತು. ಕುರ್ಲಾ ಉಳಿಯಿತು, ಕಲಿಯಿತು. ಕಲಿಯಬೇಕಾದುದು ಕಡಿಮೆಯೇ? ಇಂಜಿನ್ನಿನ ಒಡಲನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯಬೇಕು. ಸಿಲಿಂಡರನ್ನು ಕೊರೆದು ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಗೆ ತರಬೇಕು. ಮೋಲ್ಡರ್, ಟರ್ನರ್, ಫಿಟ್ಟರ್ ಎಂಬ ಮಾತುಗಳು ಹಳೆಯ ಕುಲಕಸುಬುಗಳ ಹೆಸರಿನಷ್ಟೇ ಗೌರವಕ್ಕೆ ತಕ್ಕವು.

ಇಲ್ಲಿ ತಯಾರಾದ ಇಟಲಿಯ ಫಿಯಟ್ 1100 ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. 1089 ಸಿ.ಸಿ.ಯ ಪುಟ್ಟ ಇಂಜಿನ್. ಸ್ಟೀರಿಂಗಿನ ಪಕ್ಕದಲ್ಲಿಯೇ ಗೇರಿನ ಹಿಡಿ. ಬೀದಿಯ ಬದಿಯ ಮಿಸ್ತ್ರಿಗೂ ಬಗ್ಗುವ ಯಂತ್ರ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಇದೇ ಎಂಬಂತಾಯಿತು.

ಹೆಮ್ಮೆಯ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಲೈಸೆನ್ಸಿನ ಕಾಲದಲ್ಲಿ ಗಿರಾಕಿಗಳು ಕಾರಿಗಾಗಿ ವರ್ಷಗಟ್ಟಲೆ ಕಾದರು; ಸ್ಪರ್ಧೆಯಿಲ್ಲದೆ ಹಳೆಯ ಮಾದರಿಯೇ ಮುಂದುವರಿಯಿತು. 1983ರಲ್ಲಿ ಮಾರುತಿ ಬಂದ ಮೇಲೆ ಪದ್ಮಿನಿಯ ಇಳಿಗಾಲ ಮೊದಲಾಯಿತು. ವಿದ್ಯೆಯನ್ನು ಕಲಿತರೆ ಸಾಲದು, ಬೆಳೆಸಬೇಕು ಎಂಬುದು ಇದರ ಪಾಠ. ಕಡೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರದಲ್ಲಿ ನೋಂದಣಿಯಾಯಿತು. ಇಪ್ಪತ್ತು ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರದಲ್ಲಿ ಬೀದಿ ಬಿಟ್ಟಿತು. ಕಾರಖಾನೆಯ ನೆಲದಲ್ಲಿ ಇಂದು ಎತ್ತರದ ಮನೆಗಳೂ ಮಳಿಗೆಗಳೂ ಇವೆ.

ಹಾಗಾದರೆ ಉಳಿದುದೇನು? ಕಲಿತ ಕೈಗಳು. ಆ ಕೈಗಳಿಗೂ ವಯಸ್ಸಾಗುತ್ತಿದೆ. ಆದುದರಿಂದ ನಮ್ಮದೊಂದು ಬಿನ್ನಹ. ಈ ವಾಚನಾಲಯದ ಮೇಜಿನ ಮೇಲೆ ಒಂದು ಖಾಲಿ ಪುಸ್ತಕ ಇಡೋಣ. ಮೋಟಾರು ಕಸುಬಿನಲ್ಲಿ ದುಡಿದ ತಂದೆ, ಮಾವ, ನೆರೆಯವರು ಇದ್ದರೆ ಅವರ ಬಳಿ ಕುಳಿತು ಕೇಳಿರಿ: ಯಾವ ಯಂತ್ರದ ಮುಂದೆ ನಿಂತಿರಿ, ಯಾರಿಂದ ಕಲಿತಿರಿ, ಯಾರಿಗೆ ಕಲಿಸಿದಿರಿ? ಕೇಳಿದುದನ್ನು ಕನ್ನಡದಲ್ಲಿಯೇ ಬರೆದಿಡಿರಿ. ಕಾರು ಗುಜರಿಗೆ ಹೋದರೆ ಹೋಗಲಿ, ಕಸುಬಿನ ಕಥೆ ಅದರೊಡನೆ ಹೋಗಬಾರದು.