ನಿಧಿ ಸಿಕ್ಕ ಮಾತು



ಹಳೇ ಕೋಟಿನ ಜೇಬಿಗೆ ಕೈ ಹಾಕಿದಾಗ ನಾಲ್ಕಾಗಿ ಮಡಿಸಿದ ಐನೂರರ ನೋಟು ಸಿಕ್ಕಿತೆನ್ನಿ. ‘ಅಬ್ಬಾ, ನಿಧಿ ಸಿಕ್ಕ ಹಾಗಾಯಿತು’ ಎನ್ನುತ್ತೇವೆ. ಆದರೆ ಆ ಪದ ಅದೃಷ್ಟದ ಸುದ್ದಿಯನ್ನೇ ಎತ್ತುವುದಿಲ್ಲ. ಸಂಸ್ಕೃತದ ‘ಧಾ’ ಎಂದರೆ ಇಡು. ‘ನಿ’ ಸೇರಿದರೆ ಕೆಳಗಿಡು. ನಿಧಿ ಎಂದರೆ ಇಟ್ಟದ್ದು, ಅಷ್ಟೇ. ನಿಕ್ಷೇಪವೂ ಹಾಗೇ. ದಂಡು ಬರುತ್ತದೆಂಬ ಸುದ್ದಿ ಕೇಳಿ, ರಾತ್ರೋರಾತ್ರಿ ಹಿತ್ತಿಲಲ್ಲಿ ಗುಂಡಿ ತೋಡಿ, ತಾಮ್ರದ ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿ ಹೂತಿಟ್ಟವನೊಬ್ಬ ಇದ್ದನಲ್ಲ, ಪದಕ್ಕೆ ನೆನಪಿರುವುದು ಅವನು. ಅವನು ಮರಳಿ ಬಾರದಿದ್ದದ್ದೇ ಸಿಕ್ಕವನ ಭಾಗ್ಯ.

ನಮ್ಮ ಶಾಸನಗಳದ್ದು ಇನ್ನೂ ಜಾಣತನ. ಭೂಮಿ ದಾನ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾದ ಅಷ್ಟಭೋಗಗಳನ್ನು, ಅಂದರೆ ಎಂಟು ಬಗೆಯ ಹಕ್ಕುಗಳನ್ನು ಬರೆದು, ಇನ್ನೂ ಕಣ್ಣಿಗೆ ಬೀಳದ ಹೊನ್ನಿಗೂ ಒಡೆಯನನ್ನು ಗೊತ್ತುಮಾಡುತ್ತಿದ್ದವು. ಬ್ರಿಟಿಷರ 1878ರ ಕಾಯ್ದೆಯಂತೂ 10 ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು ಎಂದಿತು. ಅದೃಷ್ಟಕ್ಕೂ ಅರ್ಜಿ!

ಈಗ ಆ ಪದ ಸಂಬಳದ ಚೀಟಿಯಲ್ಲಿ ಬಂದು ಕೂತಿದೆ: ಭವಿಷ್ಯ ನಿಧಿ. ತಿಂಗಳು ತಿಂಗಳೂ ಮುರಿದುಕೊಳ್ಳುವಾಗ ಗೊಣಗುತ್ತೇವೆ. ಮಗಳ ಮದುವೆಗೆಂದು ಹಣ ತೆಗೆಯಲು ಹೋದ ದಿನ ಮಾತ್ರ ಅದು ನಿಧಿಯಾಗಿಯೇ ಕಾಣುತ್ತದೆ.