ಮಡಚುವ ಸೈಕಲ್ಲಿನ ಕಿರುಗಾಲಿಗಳು

(ಗೆಜ್ಜಲಗೆರೆಯಲ್ಲಿ ವಿದ್ಯಾರ್ಥಿಗಳು ಹಾಗೂ ರೈತರ ಮುಂದೆ ಮಾಡಿದ ಭಾಷಣದ ಬರಹರೂಪ)



ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡುದು ಇದೇ ಗೆಜ್ಜಲಗೆರೆಯಲ್ಲಿ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳೊಡನೆ ಸೈಕಲ್ಲಿಗೂ ಪ್ರವೇಶ ನಿಷಿದ್ಧವಾಯಿತು. ಸೈಕಲ್ಲಿಗೆ ಉಳಿದುದು ಸೇವಾ ರಸ್ತೆ. ಆದಕಾರಣ ಇಲ್ಲಿಂದ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗೆ ಸೈಕಲ್ಲು ಒದಗುವುದು ಪ್ರಯಾಣದ ಎರಡು ತುದಿಗಳಲ್ಲಿ ಮಾತ್ರ: ಮನೆಯಿಂದ ಮದ್ದೂರಿನವರೆಗೆ, ನಗರದಲ್ಲಿ ಇಳಿದ ಬಳಿಕ ಕಾಲೇಜಿನವರೆಗೆ. ನಡುವೆ ಅದನ್ನು ಮಡಚಿ ಒಯ್ಯಬೇಕು. ನಮ್ಮ ಮೆಟ್ರೊ 2022ರ ಜೂನ್‌ನಲ್ಲಿ ಮಡಚುವ ಸೈಕಲ್ಲನ್ನು ಕೊನೆಯ ಬೋಗಿಯಲ್ಲಿ ಒಯ್ಯಲು ಅನುಮತಿ ನೀಡಿತು. ತೂಕ 15 ಕೆ.ಜಿ. ಮೀರಬಾರದೆಂಬುದು ಷರತ್ತು.

ಅಷ್ಟು ಭಾರವನ್ನು ನಿತ್ಯವೂ ಹೊತ್ತು ನಡೆಯುವುದು ಸುಲಭವಲ್ಲ. ಹೊರಲಾರದೆ ಬೇಸತ್ತವನು ಮರಳಿ ಬೈಕನ್ನೇ ಹಿಡಿಯುತ್ತಾನೆ. ಇದಕ್ಕೆಂದೇ ಬ್ರಾಂಪ್ಟನ್ನಿನಂತಹ ಕೆಲವು ಸೈಕಲ್ಲುಗಳ ಹಿಂಬದಿಯ ಕ್ಯಾರಿಯರಿಗೆ ನಾಲ್ಕು ಕಿರುಗಾಲಿಗಳಿರುತ್ತವೆ. ಮಡಚಿದ ಮೇಲೆ ಸೂಟ್‌ಕೇಸಿನಂತೆ ಉರುಳಿಸಿಕೊಂಡು ಹೋಗಲು ಅವು ಬೇಕು. ಆದರೆ ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಗಾಲಿ ನುಣುಪು ನೆಲದಲ್ಲಷ್ಟೇ ಉರುಳುತ್ತದೆ. ಹಾಸುಗಲ್ಲಿನ ಸಂದಿಗೆ ಬಂದೊಡನೆ ನಿಂತುಬಿಡುತ್ತದೆ.

ಇದರ ಕಾರಣ ಗಾಡಿ ಹೂಡಿದ ರೈತನಿಗೆ ಗೊತ್ತು. ಐದು ಮಿಲಿಮೀಟರಿನ ಏಣನ್ನು ಹತ್ತಿಸಲು 40 ಮಿ.ಮೀ. ವ್ಯಾಸದ ಗಾಲಿಗೆ ಅದರ ಮೇಲಿನ ಭಾರದ ಸುಮಾರು ಶೇ. 88ರಷ್ಟು ಎಳೆತ ಬೇಕು. 70 ಮಿ.ಮೀ. ಆದರೆ ಶೇ. 60 ಸಾಕು. ಎತ್ತಿನ ಗಾಡಿಯ ಗಾಲಿಯನ್ನು ಅಷ್ಟು ಎತ್ತರಕ್ಕೆ ಮಾಡಿದ ನಮ್ಮ ಬಡಗಿಗಳು ಈ ಲೆಕ್ಕವನ್ನು ಕಾಗದದ ಮೇಲೆ ಬರೆದವರಲ್ಲ.

ಆದುದರಿಂದ ಮೊದಲು ವ್ಯಾಸ, ಅನಂತರ ಬೇರಿಂಗು. ಸ್ಕೇಟಿಂಗ್ ಗಾಲಿಗಳಲ್ಲಿರುವುದು 608 ಎಂಬ ಬೇರಿಂಗು: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಮಕ್ಕಳು ಆಡಿ ಬಿಟ್ಟ ಸ್ಕೇಟಿನ ಪಾಲಿಯುರೇಥೇನ್ ಗಾಲಿಯೇ ಇದಕ್ಕೆ ಒದಗೀತು. ಹೊಸದನ್ನು ಕೊಳ್ಳುವ ಅಗತ್ಯ ನನಗಂತೂ ಕಾಣದು. ಎರಡೂ ಬದಿಗೆ ರಬ್ಬರ್ ಮುಚ್ಚಳವಿರುವ ಬೇರಿಂಗನ್ನೇ ಆರಿಸಿರಿ. ಮಳೆ, ಕೆಸರುಗಳಿಗೆ ತೆರೆದ ಬೇರಿಂಗು ಬಹುಬೇಗ ತುಕ್ಕು ಹಿಡಿಯುತ್ತದೆ. ಬೋಲ್ಟು ತುಕ್ಕುರಹಿತ ಉಕ್ಕಿನದಾಗಿರಲಿ.

ದೊಡ್ಡದೆಂದು ಕೈಗೆ ಸಿಕ್ಕಿದ್ದನ್ನು ಜೋಡಿಸಬಾರದು. ಪೆಡಲು ತುಳಿಯುವಾಗ ಹಿಮ್ಮಡಿಗೆ ತಾಗುವುದೇ, ಮಡಚುವಾಗ ಚೌಕಟ್ಟಿಗೆ ಅಡ್ಡಬರುವುದೇ ಎಂದು ಮೊದಲು ಅಳೆದು ನೋಡಬೇಕು. ನಾಲ್ಕೂ ಗಾಲಿಗಳು ಸಲೀಸಾಗಿ ಉರುಳಿದರೆ ಇನ್ನೊಂದು ತೊಡಕು: ಬೋಗಿ ಹೊರಟೊಡನೆ ಸೈಕಲ್ಲೂ ತಾನಾಗಿ ಹೊರಡುತ್ತದೆ! ಎರಡನ್ನು ಮಾತ್ರ ಬದಲಿಸಿ, ಉಳಿದೆರಡನ್ನು ಬಿಗಿಯಾಗಿಯೇ ಇಟ್ಟು, ಸೈಕಲ್ಲನ್ನು ತುಸು ವಾಲಿಸಿ ಎಳೆಯುವುದು ಲೇಸು. ಜೋಡಿಸಿದ ಮೇಲೆ ಒಮ್ಮೆ ತೂಕ ಹಾಕಿಸಿರಿ. ಹದಿನೈದರ ಮಿತಿ ಮರೆಯುವಂತಿಲ್ಲ.