ಶೆಫೀಲ್ಡಿನ ಹೆಸರಿಲ್ಲದ ಹಾಡು



ಇಂಗ್ಲೆಂಡಿನ ರೇವ್ ಸಂಗೀತದ ಕಥೆಯನ್ನು ಲಂಡನ್ನಿನಿಂದ ಶುರುಮಾಡಿ ಮ್ಯಾಂಚೆಸ್ಟರಿನ ಹಸಿಯೆಂಡಾ ಕ್ಲಬ್ಬಿಗೆ ತಂದು ನಿಲ್ಲಿಸುವುದು ರೂಢಿ. ಮ್ಯಾಂಚೆಸ್ಟರಿನಿಂದ ಬೆಟ್ಟಸಾಲು ದಾಟಿದರೆ ಸಿಗುವ ಶೆಫೀಲ್ಡಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಇದು ಅನ್ಯಾಯ. 1989ರಲ್ಲಿ ಆ ಊರಿನಿಂದ ಬಂದ ‘ಟ್ರ್ಯಾಕ್ ವಿತ್ ನೋ ನೇಮ್’ ಕೇಳಿದವರು ಈ ಮಾತನ್ನು ಒಪ್ಪುತ್ತಾರೆಂದು ನಂಬಿದ್ದೇನೆ.

ಮಾಡಿದವರು ಮೂವರು: ರಾಬರ್ಟ್ ಗಾರ್ಡನ್, ವಿನ್‌ಸ್ಟನ್ ಹೇಝಲ್, ಶಾನ್ ಮಹರ್. ತಂಡಕ್ಕೆ ‘ಫೋರ್ಜ್‌ಮಾಸ್ಟರ್ಸ್’ ಎಂದು ತಮ್ಮೂರಿನ ಉಕ್ಕಿನ ಕಾರ್ಖಾನೆಯ ಹೆಸರನ್ನೇ ಇಟ್ಟುಕೊಂಡರು. ಎಂಬತ್ತರ ದಶಕದಲ್ಲಿ ಶೆಫೀಲ್ಡಿನ ಉಕ್ಕಿನ ಉದ್ಯಮ ಕುಸಿದು ಸಾವಿರಾರು ಮಂದಿ ಕೆಲಸ ಕಳೆದುಕೊಂಡಿದ್ದರು. ನಿರುದ್ಯೋಗಿಗಳು ಸ್ವಂತ ಉದ್ಯೋಗ ಹಿಡಿಯಲೆಂದು ಸರ್ಕಾರ ವಾರಕ್ಕೆ 40 ಪೌಂಡ್ ಕೊಡುವ ಯೋಜನೆಯೊಂದಿತ್ತು. ಆ ನೆರವಿನಲ್ಲಿ ಗಾರ್ಡನ್ ಜೊತೆಗೆ ಸ್ಟೀವ್ ಬೆಕೆಟ್, ರಾಬ್ ಮಿಚೆಲ್ ಸೇರಿ ‘ವಾರ್ಪ್’ ಎಂಬ ರೆಕಾರ್ಡ್ ಕಂಪನಿ ಕಟ್ಟಿದರು. ಅದರ ಮೊದಲ ರೆಕಾರ್ಡೇ ಇದು. ಒತ್ತಿಸಿದ್ದು 500 ಪ್ರತಿ. ಯಾರದೋ ಕಾರು ಎರವಲು ತಂದು ತಾವೇ ಅಂಗಡಿಗಳಿಗೆ ಹಂಚಿದರು.

ಇನ್ನು ನಾದದ ವಿಷಯ. ಹಾಡೆನ್ನುತ್ತೇನಾದರೂ ಇದರಲ್ಲಿ ಸಾಹಿತ್ಯವಿಲ್ಲ. ಯಂತ್ರದ ಡ್ರಮ್ಮು, ಮೇಲೆ ತೆಳ್ಳಗೆ ಮಿನುಗುವ ‘ಬ್ಲೀಪ್’ ಸದ್ದು, ಕೆಳಗೆ ಭಾರವಾದ ಬೇಸ್. ನಡುವೆ ಬೇಕಾದಷ್ಟು ಖಾಲಿ ಜಾಗ. ಯಂತ್ರದ ಲಯ ಬಂದದ್ದು ಅಮೆರಿಕದ ಡೆಟ್ರಾಯಿಟ್‌ನ ಟೆಕ್ನೋದಿಂದ. ಬೇಸ್ ಬಂದದ್ದು ಕೆರಿಬಿಯನ್ ವಲಸಿಗರು ಇಂಗ್ಲೆಂಡಿನ ಊರೂರುಗಳಲ್ಲಿ ಕಟ್ಟಿದ ಸೌಂಡ್ ಸಿಸ್ಟಮ್‌ಗಳಿಂದ, ರೆಗ್ಗೆ ಮತ್ತು ಡಬ್ ಸಂಗೀತದಿಂದ. ಆಳೆತ್ತರದ ಸ್ಪೀಕರುಗಳ ಮುಂದೆ ನಿಂತಾಗ ಆ ಬೇಸ್ ಡೊಳ್ಳಿನ ಪೆಟ್ಟಿನಂತೆ ಮೊದಲು ಎದೆಗೆ ತಟ್ಟುತ್ತದೆ, ಆಮೇಲೆ ಕಿವಿಗೆ. ಇದನ್ನು ರೆಕಾರ್ಡಿಗೆ ಇಳಿಸುವುದು ಸುಲಭವಲ್ಲ. ಬೇಸ್ ಜೋರಾದಷ್ಟೂ ತಟ್ಟೆಯ ಮೇಲಿನ ಗೆರೆ ಹೆಚ್ಚು ಅಗಲಕ್ಕೆ ಓಲಾಡುತ್ತದೆ. ಮಿತಿ ಮೀರಿದರೆ ಸೂಜಿ ಹಾರಿ ಹೋಗುತ್ತದೆ. 12 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಒಂದೆರಡೇ ಹಾಡು ಹಾಕಿದಾಗ ಗೆರೆಗೆ ಆ ಜಾಗ ಸಿಗುತ್ತದೆ.

ಮರುವರ್ಷವೇ ಲೀಡ್ಸ್ ನಗರದ ‘ಎಲ್‌ಎಫ್‌ಓ’ ಜೋಡಿಯ ಹಾಡು ಇದೇ ವಾರ್ಪ್‌ನಿಂದ ಹೊರಬಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೇರಿತು. ಮುಂದೆ ಏಫೆಕ್ಸ್ ಟ್ವಿನ್, ಆಟೆಕರ್‌ನಂಥ ಕಲಾವಿದರು ಬಂದರು, ಕಂಪನಿಯ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಗಾರ್ಡನ್ ಮಾತ್ರ ಕೆಲವೇ ವರ್ಷಗಳಲ್ಲಿ ಅದರಿಂದ ಹೊರನಡೆದಿದ್ದರು. ವಾರ್ಪ್ ಎಂದಾಗ ಇಂದು ಅವರನ್ನು ನೆನೆಯುವವರು ಕಡಿಮೆ. ಬ್ರಿಟನ್ನಿನ ನೃತ್ಯ ಸಂಗೀತದಲ್ಲಿ ಮುಂದೆ ಜಂಗಲ್ ಬಂತು, ಡಬ್‌ಸ್ಟೆಪ್ ಬಂತು. ಬೇಸನ್ನೇ ನಡುಮನೆಗೆ ತಂದು ಕೂರಿಸಿದ ಆ ಪರಂಪರೆಯಲ್ಲಿ ಗಾರ್ಡನ್ ಅವರಿಗೆ ಮುಂಚೂಣಿಯ ಸ್ಥಾನ ಸಲ್ಲಬೇಕು.

ದಯವಿಟ್ಟು ಇದನ್ನು ಮೊಬೈಲಿನಲ್ಲಿ ಕೇಳಿ ತೀರ್ಮಾನಕ್ಕೆ ಬರಬೇಡಿ. ಆ ಪುಟ್ಟ ಸ್ಪೀಕರಿನಲ್ಲಿ ಬೇಸ್ ಹುಟ್ಟುವುದೇ ಇಲ್ಲ, ಅರ್ಧ ಹಾಡು ಕಾಣೆಯಾಗುತ್ತದೆ. ಈಗ ಇದೇ ಸಭಾಂಗಣದ ದೊಡ್ಡ ಸ್ಪೀಕರುಗಳಲ್ಲಿ ಹಾಕಿಸುತ್ತಿದ್ದೇವೆ. ಕುಳಿತು ಪೂರ್ತಿ ಕೇಳಿಕೊಂಡು ಹೋಗಬೇಕೆಂದು ಕೋರುತ್ತೇನೆ.